ಬತ್ತಿದ ಗಂಗೆ, ಬಣ್ಣದ ಬಾಯಾರಿಕೆ

2024ನೆಯ ಇಸವಿ ಜೂನ್ 27ರಂದು ತೆರೆಗೆ ಬಂದ ‘ಕಲ್ಕಿ 2898 ಎ.ಡಿ.’ ಎಂಬ ತೆಲುಗು ಚಿತ್ರವು ಕನ್ನಡದ ಮಾತುಗಳನ್ನು ತೊಟ್ಟೂ ಬಂದಿತು. ಸುಮಾರು 600 ಕೋಟಿ ರೂಪಾಯಿ ವೆಚ್ಚವಾಯಿತೆಂಬ ವರದಿಯೇ ಅದರ ಮೊದಲ ಜಾಹೀರಾತು. ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ. ಮರಳುಗಾಡಾದ ಭೂಮಿ, ಉಳಿದಿರುವ ಒಂದೇ ನಗರವಾದ ಕಾಶಿ, ಅದರ ಮೇಲೆ ಬಾನನ್ನು ಮರೆಮಾಡಿ ನಿಂತ ತಲೆಕೆಳಗಾದ ಪಿರಮಿಡ್ಡು! ನಿರ್ದೇಶಕ ನಾಗ್ ಅಶ್ವಿನ್ ಅವರ ಸಾಹಸವನ್ನು ಅಲ್ಲಗಳೆಯುವುದು ಮತ್ಸರವಾದೀತು. ಆದರೆ ಇಷ್ಟರಿಂದಲೇ ಇದನ್ನು ಮಹಾಕೃತಿಯೆಂದು ಕೊಂಡಾಡುವವರ ಮಾತು ಒಪ್ಪತಕ್ಕುದಲ್ಲ.

ಚಿತ್ರದ ಪ್ರಕಾರ ಗಂಗೆ ಬತ್ತಿದೆ. ನೀರೂ ಹಸುರೂ ಮೇಲಣ ‘ಕಾಂಪ್ಲೆಕ್ಸ್’ನ ಸೊತ್ತು. ಹಾಗಿದ್ದಲ್ಲಿ ದಾಹವೇ ಕಥೆಯ ಪ್ರಾಣವಾಗಬೇಕಾಗಿತ್ತು. ದೊಡ್ಡೇರಿಯ ಹೆಸರಿನಲ್ಲಿಯೇ ಏರಿಯಿದೆ. ಮಧುಗಿರಿ, ಶಿರಾ, ಪಾವಗಡಗಳ ಪ್ರೇಕ್ಷಕನಿಗೆ ಬರವೆಂಬುದು ಚಿತ್ರಪಟವಲ್ಲ. ಕೆರೆ ಒಣಗಿದರೆ ಮನೆಯವರು ಏಳುವ ಹೊತ್ತೇ ಬದಲಾಗುತ್ತದೆ, ಯಾವ ದನ ಮೊದಲು ಸಂತೆಗೆ ಹೋಗಬೇಕೆಂಬ ಲೆಕ್ಕ ಹುಟ್ಟುತ್ತದೆ. ಪಾವಗಡದಲ್ಲಿ ಕೊಳವೆಬಾವಿಯ ನೀರಿಗೆ ಫ್ಲೋರೈಡಿನ ಪೀಡೆ. ಮಳೆ ಕೊಡದ ಬಾನಿನ ಬಿಸಿಲನ್ನೇ ನಂಬಿ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲ 2,050 ಮೆಗಾವಾಟ್ ಸೌರವಿದ್ಯುತ್ತಿಗೆ ಗುತ್ತಿಗೆ ಹೋಗಿದೆ. (2898ರವರೆಗೆ ಕಾಯಬೇಕಾಗಿಲ್ಲ!) ಚಿತ್ರದಲ್ಲಾದರೋ ಬತ್ತಿದ ನದಿ ಹಿಂದಿನ ಪರದೆ ಮಾತ್ರ, ಅದರ ಮುಂದೆ ಭೈರವನೂ ಅವನ ಮಾತಾಡುವ ಬಂಡಿ ಬುಜ್ಜಿಯೂ ಹಾಸ್ಯವಾಡುತ್ತ ಹೊಡೆದಾಡುತ್ತ ಹೊತ್ತು ಕಳೆಯುತ್ತಾರೆ.

‘ಇದು ಪುರಾಣದ ಕಥೆ, ಬರಗಾಲದ ಲೆಕ್ಕವೇಕೆ?’ ಎಂದು ಅಭಿಮಾನಿಗಳು ಕೇಳಬಹುದು. ಪುರಾಣದ ಕಡೆಯಿಂದ ನೋಡಿದರೆ ನಷ್ಟ ಇನ್ನೂ ಹೆಚ್ಚು. ಉತ್ತರೆಯ ಗರ್ಭದ ಮೇಲೆ ಅಸ್ತ್ರ ಬಿಟ್ಟು ಶಾಪ ಪಡೆದ ಅಶ್ವತ್ಥಾಮನೇ ಇಲ್ಲಿ ಕಲ್ಕಿಯನ್ನು ಹೊತ್ತ ಸುಮತಿಯ ಗರ್ಭವನ್ನು ಕಾಯಬೇಕು! ಎಂತಹ ಕಲ್ಪನೆ! ಅದೊಂದನ್ನೇ ಬೆಳೆಸಿದ್ದರೂ ಚಿತ್ರ ಉಳಿಯುತ್ತಿತ್ತು. ಅಮಿತಾಭ್ ಬಚ್ಚನ್ನರ ಗಾಂಭೀರ್ಯವೂ ಅದಕ್ಕೆ ಸಿದ್ಧವಾಗಿತ್ತು. ಆದರೆ ಸಹಸ್ರಾರು ವರ್ಷಗಳ ಪಶ್ಚಾತ್ತಾಪಕ್ಕೆ ನಿಲ್ಲಲು ಎಡೆಗೊಡದೆ ಕಥೆ ಅವನನ್ನು ಜಟ್ಟಿಯನ್ನಾಗಿ ಮಾಡಿ ಕಣಕ್ಕಿಳಿಸುತ್ತದೆ.

ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ‘ಅಶ್ವತ್ಥಾಮನ್’ ನಾಟಕದಲ್ಲಿ, ಗ್ರೀಕರ ಸೊಫೋಕ್ಲೀಸನ ‘ಏಜಾಕ್ಸ್’ ಕೃತಿಯ ಜಾಡಿನಲ್ಲಿ ನಡೆದು, ಚಿರಂಜೀವಿಯೆನಿಸಿದವನನ್ನೇ ಮೃತ್ಯುವಿಗೆ ಒಪ್ಪಿಸಿದರು. ಸಂಪ್ರದಾಯಸ್ಥರು ಹುಬ್ಬುಗಂಟಿಕ್ಕುವ ಮಾತೇ ಸರಿ. ಆದರೂ ಮಾನಭಂಗವು ಒಬ್ಬ ವೀರನನ್ನು ಒಳಗಿನಿಂದ ಸುಡುವುದನ್ನು ತೋರಲು ಅಲ್ಲಿ ಯಾವ ಯಂತ್ರವೂ ಬೇಕಾಗಲಿಲ್ಲ. ಶ್ರೀಯವರ ಅಶ್ವತ್ಥಾಮ ಸತ್ತು ಬದುಕಿದನು. ಚಿತ್ರದವನು ಬದುಕಿದ್ದೂ ಬರಿಯ ಮೈಕಟ್ಟು.

ಮೂರು ಗಂಟೆ ಕುಳಿತವನಿಗೆ ಕಡೆಯಲ್ಲಿ ದೊರೆಯುವುದು ಭೈರವನು ಹಿಂದೆ ಕರ್ಣನಾಗಿದ್ದನೆಂಬ ಸುದ್ದಿ, ಮತ್ತು ಎರಡನೆಯ ಭಾಗದ ಭರವಸೆ. ಸುಮತಿಯ ಪಾತ್ರ ವಹಿಸಿದ್ದ ದೀಪಿಕಾ ಪಡುಕೋಣೆ ಆ ಭಾಗದಲ್ಲಿ ಇರುವುದಿಲ್ಲವೆಂದು ನಿರ್ಮಾಪಕರು 2025ರ ಸೆಪ್ಟೆಂಬರಿನಲ್ಲಿ ಸಾರಿದರು. ತಾಯಿಯ ಮುಖ ಬದಲಾದರೆ ಬದಲಾಗಲಿ. ಬಂಡಿಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿಯಾದರೂ, ಬತ್ತಿದ ಗಂಗೆಯ ದಡದಲ್ಲಿ ಅಶ್ವತ್ಥಾಮನು ಹತ್ತು ನಿಮಿಷ ಕುಳಿತು ಉತ್ತರೆಯ ಹೆಸರನ್ನೆತ್ತುವಂತೆ ಅವರು ಮಾಡಲಿ.