ಲಾಂಗ್ ರೈಡ್ ಅಲ್ಲ ಸ್ವಾಮಿ, ಸಾಕ್ಷಿ ಹೇಳೋಕೆ ಹೋಗಿದ್ದು

ಇಪ್ಪತ್ತು ವರ್ಷದ ಹಳೇ ಸ್ಪ್ಲೆಂಡರ್‌ನಲ್ಲಿ, ಅದೂ ಇನ್ನೊಬ್ಬರ ಗಾಡಿ ಇಸ್ಕೊಂಡು, ಒಂದೇ ದಿನದಲ್ಲಿ ಹೋಗಿ ಬಂದು ಐನೂರು ಕಿಲೋಮೀಟರ್ ಓಡಿಸಿದೆ ಅಂತ ಗೆಳೆಯನೊಬ್ಬ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದ. ಶುರುವಾಯ್ತು ನೋಡಿ. 'ಸೂಪರ್ ಬ್ರೋ', 'ಯಾವ ರೂಟು?', 'ಮೈಲೇಜ್ ಎಷ್ಟು ಕೊಡ್ತು?'. ಒಬ್ಬರಂತೂ, 'ರಸ್ತೆಗೆ ಜಾತಿ ಇಲ್ಲ ನೋಡಿ, ಅದಕ್ಕೇ ನಮಗೆ ರೈಡಿಂಗ್ ಅಂದ್ರೆ ಪ್ರಾಣ' ಅಂತ ಬರೆದಿದ್ರು.

ಈ ಕೊನೇ ಮಾತಿಗೆ ಉತ್ತರ ಕೊಡಲೇಬೇಕು.

ರಸ್ತೆಗೆ ಜಾತಿ ಇಲ್ಲ ಅನ್ನೋರು 1929ರ ಚಾಳೀಸ್‌ಗಾವ್ ನೆನಪು ಮಾಡ್ಕೊಳ್ಳಿ. ಬಹಿಷ್ಕಾರದ ಪ್ರಕರಣವೊಂದನ್ನ ವಿಚಾರಿಸೋಕೆ ಹೋಗಿದ್ದ ಬಾಬಾಸಾಹೇಬರು ವಾಪಸ್ ಬರುವಾಗ ಅಲ್ಲಿ ರೈಲಿಳಿದರು. ಮಹಾರರನ್ನ ಕೂರಿಸ್ಕೊಂಡು ಗಾಡಿ ಹೊಡೆಯೋಕೆ ಟಾಂಗಾದವರು ಒಪ್ಪಲಿಲ್ಲ. ಬಾಡಿಗೆ ಬೇಕು, ಟಾಂಗಾ ಕೊಡ್ತೀವಿ, ಆದ್ರೆ ನಾವು ಹೊಡೆಯಲ್ಲ ಅಂದ್ರು. ಕೊನೆಗೆ ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವರೇ ಒಬ್ಬರು ಲಗಾಮು ಹಿಡಿದರು. ಮೋರಿ ಹತ್ರ ಕುದುರೆ ಬೆದರಿ, ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರೀತು. ಬ್ಯಾರಿಸ್ಟರ್ ಆಗಿದ್ದವರಿಗೆ ಆಗಿದ್ದು ಇದು. ಕೇರಳದಲ್ಲಿ 1893ರಲ್ಲಿ ಅಯ್ಯಂಕಾಳಿ ಸ್ವಂತ ದುಡ್ಡಲ್ಲಿ ಎತ್ತಿನ ಗಾಡಿ ತಗೊಂಡು ಬೀದಿಯಲ್ಲಿ ಓಡಿಸಿದ್ದು ಷೋಕಿಗಲ್ಲ. ಆ ಬೀದಿಯಲ್ಲಿ ನಡೆಯೋಕೂ ನಮ್ಮಂಥವರನ್ನ ಬಿಡ್ತಿರಲಿಲ್ಲ.

ಇರ್ಲಿ, ಅವೆಲ್ಲ ಹಳೇ ಕಾಲ ಅಂತೀರಿ. ಮೊನ್ನೆ ಮಂಗಳವಾರದ್ದು ಕೇಳಿ.

ಒಂದು ಅಟ್ರಾಸಿಟಿ ಕೇಸು. ಜಿಲ್ಲೆ, ಊರು, ಹೆಸರು ಯಾವುದೂ ಹಾಕಲ್ಲ, ಕೇಸ್ ನಡೀತಾ ಇದೆ. ಮುಖ್ಯ ಸಾಕ್ಷಿ ನಮ್ಮ ದೊಡ್ಡಪ್ಪನ ವಯಸ್ಸಿನವರು, ಅರವತ್ತರ ಹತ್ರ. ಗಲಾಟೆ ಆದ ಮೇಲೆ ಊರಲ್ಲಿ ಯಾರೂ ಕೂಲಿಗೆ ಕರೀಲಿಲ್ಲ, ಬೆಂಗಳೂರಿಗೆ ಬಂದು ಪೀಣ್ಯದ ಹತ್ರ ಗಾರೆ ಕೆಲಸಕ್ಕೆ ಹೋಗ್ತಾರೆ. ಸೋಮವಾರ ರಾತ್ರಿ ಒಂಬತ್ತಕ್ಕೆ ಫೋನು: 'ನಾಳೆ ನಿಂದು ಸಾಕ್ಷಿ ಐತೆ, ಬರ್ಬೇಕು'. ಬಸ್ಸಲ್ಲಿ ಹೋಗಬಹುದಿತ್ತಲ್ಲ ಅಂತೀರಾ? ಹೋದ ಸಲ ಬಸ್ಸಲ್ಲೇ ಹೋಗಿದ್ರು. ಬಸ್‌ಸ್ಟ್ಯಾಂಡಲ್ಲಿ ಇಳೀತಿದ್ದ ಹಾಗೆ ಆರೋಪಿಗಳ ಕಡೆಯವರು ನಾಲ್ಕು ಜನ ಸುತ್ತುವರಿದು, ಟೀ ಕುಡಿಸಿ, ಹೆಗಲ ಮೇಲೆ ಕೈ ಹಾಕಿ, 'ಮಗಳು ಇನ್ನೂ ಊರಲ್ಲೇ ಇದಾಳಲ್ವಾ' ಅಂತ ಕೇಳಿದ್ರು. ಅಷ್ಟೇ ಕೇಳಿದ್ದು. ಅದಕ್ಕೇ ಈ ಸಲ ಬಸ್‌ಸ್ಟ್ಯಾಂಡ್ ಕಡೆ ತಲೆ ಹಾಕದೆ ನೇರ ಕೋರ್ಟ್ ಗೇಟಿಗೆ ಇಳಿಸಬೇಕು ಅಂತ ತೀರ್ಮಾನ ಆಯ್ತು.

ನನ್ನತ್ರ ಗಾಡಿ ಇಲ್ಲ. ಗಾಡಿ ಕೊಟ್ಟ ಗೆಳೆಯ ಪೌರಕಾರ್ಮಿಕ. ಮಾರನೇ ದಿನ ಬೆಳಗ್ಗೆ ಆರಕ್ಕೆ ಅವನಿಗೆ ಹಾಜರಿ, ಅಷ್ಟರಲ್ಲಿ ಗಾಡಿ ವಾಪಸ್ ಬೇಕು. ಒಂದೇ ದಿನದಲ್ಲಿ ಹೋಗಿ ಬಂದಿದ್ದು ಯಾಕೆ ಅಂತ ಕೇಳಿದ ರೈಡರ್ ಮಿತ್ರರಿಗೆ ಇದೇ ಉತ್ತರ.

ಬೆಳಗಿನ ಜಾವ ಮೂರಕ್ಕೆ ಹೊರಟ್ವಿ. ನೆಲಮಂಗಲ, ದಾಬಸ್‌ಪೇಟೆ, ತುಮಕೂರು, ಸಿರಾ, ಹಿರಿಯೂರು. ಐವತ್ತು ದಾಟಿದ್ರೆ ಹ್ಯಾಂಡಲ್ ನಡುಗೋದು, ಲಾರಿ ಪಕ್ಕದಲ್ಲಿ ಹೋದ್ರೆ ಇಡೀ ಗಾಡಿ ಎಡಕ್ಕೆ ಎಳೆಯೋದು. ದಾರೀಲಿ ಒಂದು ಕಡೆ ಪೊಲೀಸರು ಅಡ್ಡ ಹಾಕಿದ್ರು. ಟ್ಯಾಂಕ್ ಮೇಲಿನ ನೀಲಿ ಸ್ಟಿಕ್ಕರ್ ನೋಡಿ, ಆಮೇಲೆ ನಮ್ಮನ್ನ ನೋಡಿ, 'ಗಾಡಿ ಯಾರ್ದೋ?' ಅಂದ್ರು. ಆರ್‌ಸಿ, ಇನ್ಶೂರೆನ್ಸ್, ಡಿಎಲ್ ಮೂರೂ ತೋರಿಸಿದೆ. ಇಸ್ಕೊಂಡು ಬಂದ ಗಾಡಿ ಓಡಿಸೋದು ಯಾವ ಕಾನೂನಲ್ಲೂ ತಪ್ಪಲ್ಲ. ಆದ್ರೂ ಇಪ್ಪತ್ತು ನಿಮಿಷ ನಿಲ್ಲಿಸಿದ್ರು. ಜಾತಿ ಇಲ್ಲದ ರಸ್ತೆ!

ಹಿರಿಯೂರು ದಾಟಿದ ಮೇಲೆ ಬೆಳಕಾಯ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನಕ್ಕೆ ತಿರುಗ್ತಿದ್ವು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಹಿಂದೆ ಕೂತ ದೊಡ್ಡಪ್ಪ ಮಾತ್ರ ತಾನು ಹೇಳಬೇಕಾದ ಸಾಕ್ಷೀನ ಬಾಯಿಪಾಠ ಮಾಡ್ಕೊಳ್ತಾ ಬಂದ್ರು.

ಹತ್ತು ಗಂಟೆಯೊಳಗೆ ಕೋರ್ಟಲ್ಲಿದ್ವಿ. ಆರೋಪಿಗಳು ಎರಡು ಕಾರಲ್ಲಿ ಬಂದಿದ್ರು. ನಾಲ್ಕು ಗಂಟೆ ತನಕ ಮರದ ಕೆಳಗೆ ಕೂತ್ವಿ. ನಾಲ್ಕಕ್ಕೆ ಹೇಳಿದ್ರು, ಆರೋಪಿ ಪರ ವಕೀಲರಿಗೆ ಬೇರೆ ಕಡೆ ಕೆಲಸ ಇದೆ, ಮುಂದಿನ ದಿನಾಂಕ. ಭತ್ಯೆ ಕೇಳಿದ್ದಕ್ಕೆ ಗುಮಾಸ್ತರು, 'ಅರ್ಜಿ ಕೊಟ್ಟು ಹೋಗಿ, ಫಂಡ್ ಬಂದಾಗ ನೋಡೋಣ' ಅಂದ್ರು.

ಈಗ ಕಾನೂನು ಏನು ಹೇಳುತ್ತೆ ನೋಡಿ. ದೌರ್ಜನ್ಯ ತಡೆ ಕಾಯ್ದೆಯ 14ನೇ ಕಲಂ ಪ್ರಕಾರ, ಹಾಜರಿರುವ ಎಲ್ಲಾ ಸಾಕ್ಷಿಗಳ ವಿಚಾರಣೆ ಮುಗಿಯುವ ತನಕ ಕೇಸು ದಿನದಿಂದ ದಿನಕ್ಕೆ ನಡೀಬೇಕು. ಮುಂದೂಡಲೇಬೇಕು ಅಂದ್ರೆ ಕಾರಣ ಬರೆದಿಡಬೇಕು. ಚಾರ್ಜ್‌ಶೀಟ್ ಸಲ್ಲಿಸಿದ ಮೇಲೆ ಆದಷ್ಟೂ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. 1995ರ ನಿಯಮಗಳಲ್ಲಿ 11ನೇ ನಿಯಮ ಓದಿ: ಸಂತ್ರಸ್ತರಿಗೂ ಸಾಕ್ಷಿಗಳಿಗೂ ಅವರು ವಾಸ ಇರೋ ಜಾಗದಿಂದ ಹೋಗಿ ಬರೋ ಖರ್ಚು, ರೈಲಾದ್ರೂ ಬಸ್ಸಾದ್ರೂ ಟ್ಯಾಕ್ಸಿಯಾದ್ರೂ ಕೊಡಬೇಕು. ಆ ದಿನಗಳಿಗೆ ಕೃಷಿ ಕೂಲಿಯ ಕನಿಷ್ಠ ವೇತನಕ್ಕೆ ಕಡಿಮೆ ಇಲ್ಲದ ಭತ್ಯೆ ಕೊಡಬೇಕು. ಊಟದ ಖರ್ಚು ಬೇರೆ. ತಕ್ಷಣ, ತಪ್ಪಿದ್ರೆ ಮೂರು ದಿನದೊಳಗೆ. 2016ರಿಂದ ಜಾರಿಗೆ ಬಂದ 15ಎ ಕಲಂ ಇದನ್ನ ಸಾಕ್ಷಿಯ ಹಕ್ಕು ಅಂತಲೇ ಬರೆದಿದೆ. ಟ್ಯಾಕ್ಸಿ ಅನ್ನೋ ಪದ ಆ ನಿಯಮದಲ್ಲಿದೆ ಸ್ವಾಮಿ! ನಮ್ಮ ದೊಡ್ಡಪ್ಪ ಹೋಗಿದ್ದು ಹಿಂದಿನ ಫುಟ್‌ರೆಸ್ಟ್ ಒಂದು ಕಡೆ ಮುರಿದಿದ್ದ ಗಾಡೀಲಿ.

ವಾಪಸ್ ಬರುವಾಗ ಸಿರಾ ಇನ್ನೂ ದೂರ ಇದ್ದಾಗಲೇ ಕ್ಲಚ್ ಕೇಬಲ್ ಕಟ್ಟಾಯ್ತು. ಕ್ಲಚ್ ಇಲ್ಲದೆ ಗಾಡಿ ಹೊರಡಿಸಬೇಕು ಅಂದ್ರೆ ಇಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ನಲ್ಲಿ ತಳ್ಳಿ, ಓಟ ಬಂದಾಗ ಫಸ್ಟ್ ಗೇರಿಗೆ ಒದೀಬೇಕು. ನಾನು ಹ್ಯಾಂಡಲ್ ಹಿಡಿದೆ. ಅರವತ್ತರ ಮನುಷ್ಯ ಹಿಂದಿನಿಂದ ತಳ್ಳಿಕೊಂಡು ಓಡಿ ಬಂದು ಹಾರಿ ಕೂತರು. ಎರಡು ಸಲ ಜಾರಿ, ಮೂರನೇ ಸಲಕ್ಕೆ ಕೂತಿದ್ದು. ಕೂತು ನಕ್ಕರು: 'ಸರ್ಕಾರದ ಸಾಕ್ಷಿ ಕಣಪ್ಪ ನಾನು, ಹೆಂಗೆ ಓಡ್ತಾ ಇದೀನಿ ನೋಡು'. ಮುಂದೆ ಹನ್ನೆರಡು ಕಿಲೋಮೀಟರ್ ಎಲ್ಲೂ ನಿಲ್ಲಿಸದೆ ಬಂದು ಒಂದು ಗ್ಯಾರೇಜ್ ಹಿಡಿದ್ವಿ.

ಲೆಕ್ಕ ಬೇಕಾ? ಪೆಟ್ರೋಲ್ 950, ಕೇಬಲ್ಲು ಕೂಲಿ ಸೇರಿ 250, ಇಬ್ಬರ ತಿಂಡಿ ಊಟ ಟೀ 260, ದೊಡ್ಡಪ್ಪನ ಒಂದು ದಿನದ ಕೂಲಿ 800. ಒಟ್ಟು 2,260 ರೂಪಾಯಿ. ಸರ್ಕಾರ ಕೊಟ್ಟಿದ್ದು ಸೊನ್ನೆ. ಇನ್ನು ಎಷ್ಟು ದಿನಾಂಕ ಅಂತ ಯಾರಿಗೂ ಗೊತ್ತಿಲ್ಲ. ಅತ್ತ ಕಡೆಯವರು ಒಂದು ಟೀ ಕುಡಿಸಿ, 'ಯಾಕಪ್ಪ ಈ ತಾಪತ್ರಯ, ನೆನಪಿಲ್ಲ ಅಂದ್ಬಿಡು' ಅಂದ್ರೆ ಸಾಕು.

2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಲ್ಲೂ ಅದೇ. ಸಾಕ್ಷಿಗಳು ತಿರುಗಿಬಿದ್ದರು ಅಂತ ಪತ್ರಿಕೆಗಳು ಬರೆದವು. ತಿರುಗಿಬಿದ್ದರಂತೆ! ತಿರುಗಿಸಿದವರು ಯಾರು, ವರ್ಷಗಟ್ಟಲೆ ಅಲೆಸಿದವರು ಯಾರು, ಆ ಜನ ಯಾರ ಹೊಲಕ್ಕೆ ಕೂಲಿಗೆ ಹೋಗಿ ಬದುಕಬೇಕಿತ್ತು ಅಂತ ಯಾರಾದ್ರೂ ಬರೆದ್ರಾ? ಶಿಕ್ಷೆ ಆಗದಿದ್ರೆ 'ಸುಳ್ಳು ಕೇಸು, ಕಾಯ್ದೆ ದುರುಪಯೋಗ' ಅಂತ ಟೀವೀಲಿ ಕೂತು ಹೇಳೋರಿಗೂ ಇದೇ ನನ್ನ ಪ್ರಶ್ನೆ.

ನಮ್ಮವರಿಗೂ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ಏಪ್ರಿಲ್ 14ಕ್ಕೆ ನೂರಾರು ಬೈಕ್ ರ‍್ಯಾಲಿ ಮಾಡ್ತೀರಿ, ಸೈಲೆನ್ಸರ್ ಬಿಚ್ಚಿ ಸದ್ದು ಮಾಡ್ತೀರಿ, ಪೆಟ್ರೋಲು ಶಾಸಕರ ಲೆಕ್ಕ. ಬೇಡ ಅನ್ನಲ್ಲ, ಆ ನೀಲಿ ಬಾವುಟ ಕಂಡ್ರೆ ನನಗೂ ಎದೆ ಉಬ್ಬುತ್ತೆ. ಆದ್ರೆ ಏಪ್ರಿಲ್ 15ಕ್ಕೆ ಒಬ್ಬ ಸಾಕ್ಷೀನ ಕೋರ್ಟಿಗೆ ಬಿಟ್ಟು ಬರೋಕೆ ಒಂದು ಬೈಕ್ ಸಿಗಲ್ಲ. ಕೊನೆಗೆ ಗಾಡಿ ಕೊಡೋನು ಬೆಳಗ್ಗೆ ಆರಕ್ಕೆ ಪೊರಕೆ ಹಿಡಿಯೋ ಪೌರಕಾರ್ಮಿಕ.

ಪ್ರತಿ ಜಿಲ್ಲೇಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇದೆ, ಮೂರು ತಿಂಗಳಿಗೊಮ್ಮೆಯಾದ್ರೂ ಸೇರಬೇಕು. ಅದರಲ್ಲಿ ನಮ್ಮ ಮುಖಂಡರೂ ಸದಸ್ಯರಾಗಿ ಕೂತಿರ್ತಾರೆ, ಬಾದಾಮಿ ಬಿಸ್ಕತ್ತು ತಿಂದು ಸಹಿ ಹಾಕಿ ಬರ್ತಾರೆ. ಮುಂದಿನ ಸಭೇಲಿ ಒಂದೇ ಪ್ರಶ್ನೆ ಕೇಳಿ: 11ನೇ ನಿಯಮದ ಪ್ರಕಾರ ಈ ವರ್ಷ ಎಷ್ಟು ಸಾಕ್ಷಿಗಳಿಗೆ, ಎಷ್ಟು ದಿನದೊಳಗೆ, ಎಷ್ಟು ದುಡ್ಡು ಕೊಟ್ಟಿದ್ದೀರಿ? ಬಾಯಲ್ಲಿ ಹೇಳಿದ್ರೆ ಒಪ್ಪಬೇಡಿ, ಬರವಣಿಗೇಲಿ ತಗೊಳ್ಳಿ. ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ದೊಡ್ಡಪ್ಪನ ಮುಂದಿನ ದಿನಾಂಕಕ್ಕೆ ಇನ್ನು ಇಪ್ಪತ್ತಮೂರು ದಿನ ಇದೆ. 15ಎ ಕಲಂ ಕೆಳಗೆ ಪ್ರಯಾಣ ವೆಚ್ಚಕ್ಕೂ ರಕ್ಷಣೆಗೂ ಅರ್ಜಿ ಬರೆದುಕೊಡೋ ವಕೀಲ ಮಿತ್ರರು ಇನ್‌ಬಾಕ್ಸ್‌ಗೆ ಬನ್ನಿ. ಅವತ್ತು ಬೆಳಗಿನ ಜಾವ ಮೂರಕ್ಕೆ ಪೀಣ್ಯದಿಂದ ಹೊರಡೋಕೆ ಕಾರಿರೋರು ಯಾರಾದ್ರೂ ಇದ್ರೂ ಹೇಳಿ.

ಜೈ ಭೀಮ್.