ಓಡಲ್ವಂತೆ, ತಗೋಬೇಕಂತೆ: ಈ ‘ಅಂತೆ’ಗೆ ನಲವತ್ತು ಸಾವಿರ ಕೊಡ್ಬೇಡಿ

ಭಾಗ 1/7

ವಿಂಡೋಸ್ 11 ನಮ್ಮನೆ ಸಿಸ್ಟಮ್‌ಗೆ ಬರಲ್ವಂತೆ. ಹೊಸ್ದೇ ತಗೋಬೇಕಂತೆ. ಹಳೇದನ್ನೇ ಇಟ್ಕೊಂಡ್ರೆ ಹ್ಯಾಕ್ ಆಗುತ್ತಂತೆ.

ಮೂರು ವಾಕ್ಯ, ಮೂರು ‘ಅಂತೆ’. ಎಣಿಸಿ ನೋಡಿ. ಯಾರು ಹೇಳಿದ್ದು ಅಂತ ಕೇಳಿದ್ರೆ ಅಂಗಡಿಯವ್ರು, ಮಾವನ ಮಗ, ಯಾವುದೋ ರೀಲ್. ಅವರಿಗೆ ಯಾರು ಹೇಳಿದ್ರು? ಅದು ಯಾರಿಗೂ ಬೇಡ. ಇಂಥ ಮಾತಿಗೆ ‘ಅಂತೆ-ಕಂತೆ’ ಅಂತ ಹೆಸರಿಟ್ಟು ನಗೋ ಜನ ನಾವು. ಆದ್ರೆ ಅಪ್ಪನ ನಲವತ್ತು ಸಾವಿರ ಖರ್ಚಾಗೋ ವಿಷಯದಲ್ಲಿ ಮಾತ್ರ ಅಂತೆ-ಕಂತೆನೇ ಸಾಕಾಗುತ್ತೆ.

ಮೊದಲು ಖಚಿತವಾಗಿ ಗೊತ್ತಿರೋದು. ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ನಿಲ್ಲಿಸೋದು ಅಂದ್ರೆ ಉಚಿತವಾಗಿ ಬರ್ತಿದ್ದ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಯ್ತು ಅಂತ. ಅಕ್ಟೋಬರ್ 15ನೇ ತಾರೀಖು ಬೆಳಗ್ಗೆ ಯಾರ ಕಂಪ್ಯೂಟರೂ ಸತ್ತುಹೋಗ್ಲಿಲ್ಲ. ಟ್ಯಾಲಿ ತೆರೀತು, ಎಕ್ಸೆಲ್ ತೆರೀತು, ಬ್ರೌಸರ್ ಓಡ್ತು.

ನಾನು ಹೇಳೋದು ಇಷ್ಟೇ: ‘ಓಡಲ್ಲ’ ಅನ್ನೋದು ಪೂರ್ತಿ ಉತ್ತರ ಅಲ್ವೇ ಅಲ್ಲ. ‘ಯಾಕೆ ಓಡಲ್ಲ’ ಅನ್ನೋದು ಗೊತ್ತಾಗೋವರೆಗೆ ಮನೇಲಿ ಒಂದು ರೂಪಾಯಿನೂ ಬಿಚ್ಚೋಕೆ ಬಿಡ್ಬೇಡಿ. ನಾವು ಕಾಮರ್ಸ್‌ನವರು. ವೋಚರ್ ನೋಡದೆ ಎಂಟ್ರಿ ಹಾಕಬಾರದು ಅಂತ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಸಿಕೊಂಡಿದ್ದೀವಿ.

ಭಾಗ 2/7

ಹಾಗಾದ್ರೆ ಚೆಕ್ ಮಾಡೋದು ಹೇಗೆ?

ಮೈಕ್ರೋಸಾಫ್ಟ್‌ನದೇ ಒಂದು ಪುಟ್ಟ ಆ್ಯಪ್ ಇದೆ, ಹೆಸರು ಪಿಸಿ ಹೆಲ್ತ್ ಚೆಕ್. ಉಚಿತ. ತೆರೆದು ‘ಚೆಕ್ ನೌ’ ಒತ್ತಿದ್ರೆ ಒಂದು ನಿಮಿಷದೊಳಗೆ ಉತ್ತರ ಬರುತ್ತೆ. ಇದನ್ನ ಅಂಗಡಿಗೆ ಹೊತ್ಕೊಂಡು ಹೋಗಿ ‘ಚೆಕಪ್ ಚಾರ್ಜ್’ ಕೊಟ್ಟು ಮಾಡಿಸೋ ಅಗತ್ಯ ಯಾರಿಗೂ ಇಲ್ಲ.

ಈ ಆ್ಯಪ್‌ಗೆ ಒಂದು ಕಥೆ ಇದೆ. 2021ರ ಜೂನ್‌ನಲ್ಲಿ ವಿಂಡೋಸ್ 11 ಘೋಷಣೆ ಆದಾಗ ಇದೂ ಜೊತೆಗೇ ಬಂತು. ಆಗ ಅದು ‘ನಿಮ್ಮ ಪಿಸಿಲಿ ಓಡಲ್ಲ’ ಅಂತಿತ್ತು, ಯಾಕೆ ಅಂತ ಸರಿಯಾಗಿ ಹೇಳ್ತಿರ್ಲಿಲ್ಲ. ಜನ ಸರಿಯಾಗಿ ಬೈದ್ರು. ಕಂಪನಿ ಅದನ್ನ ವಾಪಸ್ ತಗೊಂಡು, ಕಾರಣ ತೋರಿಸೋ ಹಾಗೆ ತಿದ್ದಿ ಕೆಲ ತಿಂಗಳ ಮೇಲೆ ಮತ್ತೆ ಬಿಟ್ಟಿತು. ಅಂದ್ರೆ ಕಾರಣ ಕೊಡದ ‘ಇಲ್ಲ’ ಸಾಲದು ಅಂತ ಅದನ್ನ ಮಾಡಿದ ಕಂಪನಿನೇ ಒಪ್ಪಿಕೊಂಡಾಗಿದೆ. ನಮ್ಮ ಅಂಗಡಿಯವ್ರು ಮಾತ್ರ ಇನ್ನೂ 2021ರ ಜೂನ್‌ನಲ್ಲೇ ಇದ್ದಾರೆ.

ಬೇಕಾಗಿರೋದರ ಪಟ್ಟಿ ಸಣ್ಣದು, ಸೇವ್ ಮಾಡ್ಕೊಳ್ಳಿ:
• ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರೋ 64 ಬಿಟ್ ಪ್ರೊಸೆಸರ್, ಕನಿಷ್ಠ 1 ಗಿಗಾಹರ್ಟ್ಸ್, 2 ಕೋರ್
• 4 ಜಿಬಿ ರ್‍ಯಾಮ್
• 64 ಜಿಬಿ ಸ್ಟೋರೇಜ್
• ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ
• ಟಿಪಿಎಂ 2.0
• ಡೈರೆಕ್ಟ್‌ಎಕ್ಸ್ 12 ಗ್ರಾಫಿಕ್ಸ್

ಇದರಲ್ಲಿ ಯಾವ ಸಾಲಿನಲ್ಲಿ ನಿಮ್ಮ ಸಿಸ್ಟಮ್ ಸೋತಿದೆ ಅನ್ನೋದೇ ಇಡೀ ವಿಷಯ. ಒಂದೊಂದು ಸೋಲಿಗೂ ಖರ್ಚು ಬೇರೆ ಬೇರೆ.

ಭಾಗ 3/7

‘ಇಲ್ಲ’ದಲ್ಲಿ ಮೂರು ಜಾತಿ ಇದೆ. ನಾನು ಇಟ್ಟಿರೋ ಹೆಸರು: ಸ್ವಿಚ್, ಪಾರ್ಟ್, ಗೋಡೆ.

ಸ್ವಿಚ್: ಟಿಪಿಎಂ ಅಂದ್ರೆ ಪಾಸ್‌ವರ್ಡ್ ಕೀಗಳನ್ನ ಭದ್ರವಾಗಿ ಇಡೋ ಒಂದು ಪುಟ್ಟ ತಿಜೋರಿ. ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಇದು ಪ್ರೊಸೆಸರ್ ಜೊತೆಗೇ ಬಂದಿರುತ್ತೆ, ಬಯಾಸ್‌ನಲ್ಲಿ ಆಫ್ ಆಗಿರುತ್ತೆ ಅಷ್ಟೇ. ಇಂಟೆಲ್‌ನಲ್ಲಿ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಟಿಪಿಎಂ ಡಾಟ್ ಎಂಎಸ್‌ಸಿ’ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ಇದೆಯಾ, ಇದ್ರೆ 2.0 ನಾ ಅಂತ ಅದೇ ತೋರಿಸುತ್ತೆ. ಖರ್ಚು: ಸೊನ್ನೆ.

ನನ್ನ ಬೆಂಚ್‌ಮೇಟ್ ಮನೇಲಿ ಆಗಿದ್ದು ಇದೇ. ಅಸೆಂಬಲ್ಡ್ ಡೆಸ್ಕ್‌ಟಾಪ್, 8ನೇ ತಲೆಮಾರಿನ ಐ3. ಒಂದು ಅಂಗಡಿಯಲ್ಲಿ ‘ಇದು ಮುಗೀತು’ ಅಂತ ಹೇಳಿ 42,000ದ ಲ್ಯಾಪ್‌ಟಾಪ್‌ಗೆ ಇಎಂಐ ಫಾರ್ಮ್ ಕೊಟ್ಟು ಕಳಿಸಿದ್ರು. ಅವಳಪ್ಪ ಆಟೋ ಓಡಿಸ್ತಾರೆ. ಸಹಿ ಒಂದು ಬಾಕಿ ಇತ್ತು. ಬಯಾಸ್‌ನಲ್ಲಿ ಪಿಟಿಟಿ ಆನ್ ಮಾಡಿದ್ವಿ, ಪಿಸಿ ಹೆಲ್ತ್ ಚೆಕ್ ಹಸಿರು ಟಿಕ್ ಕೊಟ್ಟಿತು. ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ಳೋ ಕೆಲಸಕ್ಕೆ ಹನ್ನೆರಡು ತಿಂಗಳ ಕಂತು ಬೇರೆ!

ಎಚ್ಚರ: ಬಯಾಸ್ ಮುಟ್ಟೋ ಮುಂಚೆ ಫೈಲ್‌ಗಳ ಬ್ಯಾಕಪ್ ತಗೊಳ್ಳಿ. ಬಿಟ್‌ಲಾಕರ್ ಆನ್ ಇದ್ರೆ ಅದರ ರಿಕವರಿ ಕೀ ಬರೆದಿಟ್ಕೊಳ್ಳಿ. ವಿಂಡೋಸ್ ಹಳೇ ಲೆಗಸಿ ಮೋಡ್‌ನಲ್ಲಿ ಇನ್‌ಸ್ಟಾಲ್ ಆಗಿದ್ರೆ ಸುಮ್ನೆ ಯುಇಎಫ್‌ಐಗೆ ಬದಲಾಯಿಸ್ಬೇಡಿ, ಬೂಟ್ ಆಗಲ್ಲ. ಮೊದಲು ಡಿಸ್ಕನ್ನ ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸ್ಬೇಕು. ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ.

ಪಾರ್ಟ್: ರ್‍ಯಾಮ್ ಕಡಿಮೆ, ಸ್ಟೋರೇಜ್ ಕಡಿಮೆ. ಆ ಒಂದು ಭಾಗ ಹಾಕಿಸಿದ್ರೆ ಮುಗೀತು. ಹಳೇ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದ್ರೆ ‘ಸ್ಲೋ ಆಗಿದೆ’ ಅನ್ನೋ ದೂರೂ ಬಹುಪಾಲು ಹೋಗುತ್ತೆ.

ಗೋಡೆ: ಪ್ರೊಸೆಸರ್. ಇದಕ್ಕೆ ಸುಲಭದ ದಾರಿ ಇಲ್ಲ. ಇದರ ಜಗಳ ಮುಂದಿನ ಭಾಗದಲ್ಲಿ.

ಭಾಗ 4/7

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ನೋಡಿ. ಇಂಟೆಲ್ ಐ5-7400 ಅಂತಿದ್ರೆ 7ನೇ ತಲೆಮಾರು. ಐ5-8250ಯು ಅಂದ್ರೆ 8ನೇದು. ಐದು ಅಂಕೆ ಇದ್ರೆ ಮೊದಲ ಎರಡು ಓದಿ: 10210 ಅಂದ್ರೆ 10ನೇದು. ಇಂಟೆಲ್‌ನಲ್ಲಿ ಗೆರೆ ಬಿದ್ದಿರೋದು 8ನೇ ತಲೆಮಾರಿನ ಹತ್ತಿರ. ಎಎಂಡಿಯಲ್ಲಿ ಮೊದಲ ತಲೆಮಾರಿನ ರೈಜನ್ ಹೊರಗೆ, 2000 ಸರಣಿಯಲ್ಲಿ ಕೆಲವು ಒಳಗೆ ಕೆಲವು ಹೊರಗೆ. ಅಧಿಕೃತ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹೆಸರನ್ನೇ ಹುಡುಕಿ.

ಈಗ ನನ್ನ ತಕರಾರು. 2016ರ ಜುಲೈ ಕೊನೆಯಿಂದಲೇ ಹೊಸ ವಿಂಡೋಸ್ 10 ಕಂಪ್ಯೂಟರ್‌ಗಳಲ್ಲಿ ಟಿಪಿಎಂ 2.0 ಇರ್ಲೇಬೇಕು ಅಂತ ತಯಾರಕರಿಗೆ ಮೈಕ್ರೋಸಾಫ್ಟೇ ನಿಯಮ ಮಾಡಿತ್ತು. ಹಾಗಾಗಿ 2017ರಲ್ಲಿ 7ನೇ ತಲೆಮಾರಿನ ಬ್ರಾಂಡೆಡ್ ಸಿಸ್ಟಮ್ ಕೊಂಡವರ ಹತ್ತಿರ ಸಾಮಾನ್ಯವಾಗಿ ತಿಜೋರಿನೂ ಇದೆ, ಸೆಕ್ಯೂರ್ ಬೂಟೂ ಇದೆ. ಆದ್ರೂ ನಾಲ್ಕೇ ವರ್ಷಕ್ಕೆ ‘ನೀವು ಹೊರಗೆ’ ಅಂದ್ರು.

7ನೇ ತಲೆಮಾರೇ ಅಸಾಧ್ಯನಾ? 2021ರ ಆಗಸ್ಟ್‌ನಲ್ಲಿ ಪಟ್ಟಿಗೆ ಸೇರಿಸಿದ ಕೆಲವೇ ಪ್ರೊಸೆಸರ್‌ಗಳಲ್ಲಿ 7ನೇ ತಲೆಮಾರಿನ ಐ7-7820ಎಚ್‌ಕ್ಯೂ ಇತ್ತು. ಅದು ಮೈಕ್ರೋಸಾಫ್ಟ್‌ನದೇ ದುಬಾರಿ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಪ್ರೊಸೆಸರ್. ಹೊಸ ಡ್ರೈವರ್ ವಿನ್ಯಾಸದ ಷರತ್ತು ಅಂತ ವಿವರಣೆ ಕೊಟ್ರು, ಇರ್ಲಿ. ಮನೆಯ ಮಗನಿಗೆ ಗ್ರೇಸ್ ಮಾರ್ಕ್ಸ್, ಪಕ್ಕದ ಮನೆಯವನು ಫೇಲ್ ಅನ್ನೋ ಹಾಗೆ ಕಾಣುತ್ತಾ ಇಲ್ವಾ, ನೀವೇ ಹೇಳಿ.

ಅವರು ಕೊಟ್ಟ ಇನ್ನೊಂದು ಕಾರಣ: ಅರ್ಹವಲ್ಲದ ಯಂತ್ರಗಳಲ್ಲಿ ಕರ್ನಲ್ ಕ್ರ್ಯಾಶ್ 52% ಜಾಸ್ತಿ, ಅರ್ಹ ಯಂತ್ರಗಳಲ್ಲಿ 99.8% ಕ್ರ್ಯಾಶ್ ಇಲ್ಲದ ಅನುಭವ. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಓದಿದವರು ಇಲ್ಲಿ ನಿಲ್ಲಬೇಕು. ಎರಡೂ ಒಂದೇ ಅಳತೆ ಅಂದ್ಕೊಂಡ್ರೆ, 0.2ರ ಮೇಲೆ 52% ಅಂದ್ರೆ ಸುಮಾರು 0.3. ಅಂದ್ರೆ 99.8 ಹೋಗಿ 99.7 ಆಯ್ತು. ಶೇಕಡಾವಾರು ಹೇಳುವಾಗ ‘ಯಾವುದರ ಮೇಲೆ’ ಅಂತ ಕೇಳದಿದ್ರೆ ಡಿಸ್ಕೌಂಟ್ ಬೋರ್ಡ್‌ಗೂ ಮೋಸ ಹೋಗ್ತೀವಿ, ಇದಕ್ಕೂ ಹೋಗ್ತೀವಿ.

ಕೆನಾಲಿಸ್ ಅನ್ನೋ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಾಕಿದ ಅಂದಾಜು: ಈ ಬದಲಾವಣೆಯಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಪಿಸಿಗಳು ಕಸಕ್ಕೆ ಹೋಗಬಹುದು. ಅದರಲ್ಲಿ ಎಷ್ಟು ನಿಜಕ್ಕೂ ಕೆಟ್ಟಿವೆ? ಕೆಟ್ಟಿದ್ದು ಪಟ್ಟಿ, ಪಿಸಿ ಅಲ್ಲ.

ಭಾಗ 5/7

ಈಗ ನನ್ನ ಕಡೆಯವರಿಗೇ ಎರಡು ಮಾತು.

‘ಅಪ್‌ಡೇಟ್ ಎಲ್ಲಾ ಸುಳ್ಳು, ಹಳೇದನ್ನೇ ಹಾಗೇ ಓಡ್ಸು ಮಚ್ಚಾ’ ಅನ್ನೋರು ಕೇಳಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ರ್‍ಯಾನ್ಸಮ್‌ವೇರ್ ಬಂತು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳು ಅಪಾಯಿಂಟ್‌ಮೆಂಟ್ ರದ್ದು ಮಾಡೋ ಸ್ಥಿತಿಗೆ ಬಂದ್ವು. ಅದು ನುಗ್ಗಿದ ತೂತನ್ನ ಮುಚ್ಚೋ ಅಪ್‌ಡೇಟ್ ಅದೇ ವರ್ಷ ಮಾರ್ಚ್‌ನಲ್ಲೇ ಬಂದಿತ್ತು. ಹಾಕ್ಕೊಂಡಿರ್ಲಿಲ್ಲ, ಅಷ್ಟೇ. ಅಪ್‌ಡೇಟ್ ಇದ್ದೂ ಹಾಕದವರ ಕಥೆ ಅದು. ಅಪ್‌ಡೇಟೇ ಬರದ ಸಿಸ್ಟಮ್‌ನಲ್ಲಿ ಅಮ್ಮನ ನೆಟ್‌ಬ್ಯಾಂಕಿಂಗ್ ಮಾಡ್ತಾ ಕೂತ್ರೆ, ಅಂಗಡಿಯವನ ‘ಹ್ಯಾಕ್ ಆಗುತ್ತಂತೆ’ ಒಂದಿನ ನಿಜ ಆಗಬಹುದು.

ಎರಡನೇದು, ‘ಒಂದೇ ಟ್ರಿಕ್‌ನಲ್ಲಿ ವಿಂಡೋಸ್ 11’ ರೀಲ್‌ಗಳು. ಚೆಕಿಂಗನ್ನೇ ದಾಟಿಸಿ ಇನ್‌ಸ್ಟಾಲ್ ಮಾಡೋ ದಾರಿ ಇರೋದು ನಿಜ. ಆದ್ರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಬರೆದೇ ಹೇಳಿದೆ. 24ಎಚ್2 ಆವೃತ್ತಿ ಬಂದಾಗ, ಬೇಕಾದ ಕೆಲವು ಸೂಚನೆಗಳೇ ಇಲ್ಲದ ತೀರಾ ಹಳೇ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಕೂಡ ಆಗಲ್ಲ. ಪ್ರಾಜೆಕ್ಟ್ ಸಬ್‌ಮಿಷನ್ ಹಿಂದಿನ ರಾತ್ರಿ ಈ ಪಾಠ ಕಲಿಯೋದು ಬೇಡ. ಇನ್ನು ರೀಲ್ ಕೆಳಗಿನ ಲಿಂಕ್‌ನಿಂದ ‘ರೆಡಿಮೇಡ್ ವಿಂಡೋಸ್’ ಇಳಿಸ್ಕೊಳ್ಳೋದು ಅಂದ್ರೆ ಕಳ್ಳನಿಗೆ ಮನೆ ಬೀಗದ ಕೈ ಕೊಟ್ಟು ಬಾಗಿಲು ಭದ್ರ ಇದೆಯಾ ನೋಡಪ್ಪಾ ಅಂದ ಹಾಗೆ.

ಭಯ ಹುಟ್ಟಿಸೋ ಅಂಗಡಿ ಒಂದು ಕಡೆ, ಭಯವೇ ಬೇಡ ಅನ್ನೋ ರೀಲ್ ಇನ್ನೊಂದು ಕಡೆ. ಎರಡಕ್ಕೂ ನಿಮ್ಮ ಸಿಸ್ಟಮ್‌ನ ಪ್ರೊಸೆಸರ್ ಹೆಸರು ಗೊತ್ತಿಲ್ಲ.

ಭಾಗ 6/7

ಸರಿ, ಗೋಡೆಗೇ ಡಿಕ್ಕಿ ಹೊಡೆದವರು ಏನ್ಮಾಡ್ಬೇಕು?

ದಾರಿ ಒಂದು: ಸಮಯ ತಗೊಳ್ಳಿ. ವಿಂಡೋಸ್ 10ಕ್ಕೆ ಮನೆ ಬಳಕೆದಾರರಿಗೂ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ. ಸೇರೋಕೆ ಮೂರು ದಾರಿ: 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ ಕೊಡೋದು, 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್ ಕೊಡೋದು, ಇಲ್ಲಾ ಸೆಟ್ಟಿಂಗ್ಸನ್ನ ವಿಂಡೋಸ್ ಬ್ಯಾಕಪ್‌ಗೆ ಸಿಂಕ್ ಮಾಡಿ ಉಚಿತವಾಗಿ ಸೇರೋದು. ಆವೃತ್ತಿ 22ಎಚ್2 ಇರ್ಬೇಕು, ಮೈಕ್ರೋಸಾಫ್ಟ್ ಅಕೌಂಟ್ ಇರ್ಬೇಕು. ಇದನ್ನ ಎಷ್ಟು ಅಂಗಡಿಯವರು ನಿಮಗೆ ಹೇಳಿದ್ರು? ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಡಿ.

ದಾರಿ ಎರಡು: ಲಿನಕ್ಸ್. ಲಿನಕ್ಸ್ ಮಿಂಟ್‌ನಂಥದ್ದನ್ನ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೇ ಓಡಿಸಿ ನೋಡಬಹುದು. ಬ್ರೌಸರ್, ಲಿಬ್ರೆಆಫೀಸ್, ವಿಡಿಯೋ ಎಲ್ಲಾ ಇದೆ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ವಿನ್ಯಾಸವೂ ಅದರಲ್ಲೇ ಸಿಗುತ್ತೆ. ‘ಅದು ಇಂಜಿನಿಯರ್‌ಗಳಿಗೆ’ ಅನ್ನೋರಿಗೆ: ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲೀತಿದ್ದಾರೆ.

ಒಂದು ನಿಜ ಮುಚ್ಚಿಡಲ್ಲ. ಟ್ಯಾಲಿ ನಮ್ಮ ಬೆಂಗಳೂರಿನದ್ದೇ ಕಂಪನಿ, ಆದ್ರೆ ಟ್ಯಾಲಿಪ್ರೈಮ್ ಮಾಡಿರೋದು ವಿಂಡೋಸ್‌ಗೆ. ನಾವು ಬಿಕಾಂನವರು ಅದನ್ನ ಬಿಟ್ಟು ಬದುಕಲ್ಲ. ಹಾಗಾಗಿ ಒಂದೇ ಸಿಸ್ಟಮ್ ಇರೋ ನಮ್ಮಂಥವರಿಗೆ ಮೊದಲ ದಾರಿ ಮೊದಲು. ಮನೆಯವರು ಯೂಟ್ಯೂಬ್, ಕರೆಂಟ್ ಬಿಲ್, ಫಾರ್ಮ್ ತುಂಬೋದಕ್ಕೆ ಬಳಸೋ ಸಿಸ್ಟಮ್‌ಗೆ ಎರಡನೇದು.

ದಾರಿ ಮೂರು: ಕೊಳ್ಳೋದು. ಹೌದು, ಕೆಲವರಿಗೆ ಅದೇ ಸರಿ. ಬೋರ್ಡ್ ಸತ್ತಿದೆ, ಬ್ಯಾಟರಿ ಊದಿದೆ, 2010ರ ಯಂತ್ರ ಅಂದ್ರೆ ಖಂಡಿತ ಬದಲಾಯಿಸಿ. ಹಳೇದನ್ನ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ, ರಸ್ತೆ ಬದಿಗೆ ಬೇಡ. ಕಾರಣ ಗೊತ್ತಿದ್ದು ಕೊಂಡ್ರೆ ನನ್ನ ಜಗಳ ಇಲ್ಲ.

ಭಾಗ 7/7

ಕೊನೇದಾಗಿ ನಮ್ಮ ಸಬ್ಜೆಕ್ಟ್.

ಡಿಪ್ರಿಸಿಯೇಷನ್‌ಗೆ ಕಾರಣ ಬರೆಯಿರಿ ಅಂದ್ರೆ ಎಲ್ಲರೂ ಬರೀತೀವಿ: ಸವೆತ, ಕಾಲ ಕಳೆಯುವುದು, ಅಪಘಾತ, ಅಪ್ರಚಲಿತತೆ. ಸವೆತ ಯಂತ್ರದ ಒಳಗೆ ಆಗೋದು. ಅಪ್ರಚಲಿತತೆ ಹೊರಗಿನಿಂದ ಬರೋದು, ಯಂತ್ರ ಚೆನ್ನಾಗಿದ್ರೂ ಬರುತ್ತೆ. ವಿಂಡೋಸ್ 11ರ ಗೆರೆ ಈ ಎರಡನೇ ಜಾತಿ. ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್‌ಗೆ ಬೇರೆ ಬೇರೆ ಮಾಡಿ ಬರೆಯೋ ನಾವು, ಮನೇಲಿ ಎರಡನ್ನೂ ಸೇರಿಸಿ ‘ಹಾಳಾಯ್ತು’ ಅಂತೀವಿ.

ಲೆಕ್ಕ ನೋಡಿ. ಕಂಪ್ಯೂಟರ್‌ಗೆ ಆದಾಯ ತೆರಿಗೆಯಲ್ಲಿ ಸವಕಳಿ ದರ 40%. 40,000ದ ಸಿಸ್ಟಮ್ ಮೊದಲ ವರ್ಷದ ಕೊನೆಗೆ 24,000, ಎರಡನೇದಕ್ಕೆ 14,400, ಮೂರನೇದಕ್ಕೆ 8,640, ಐದನೇದಕ್ಕೆ ಸುಮಾರು 3,110. ಪುಸ್ತಕದಲ್ಲಿ 3,110 ಇರೋ ಅದೇ ಡಬ್ಬ ನಮ್ಮನೇಲಿ ತಂಗಿಯ ಕ್ಲಾಸ್, ಅಮ್ಮನ ಚೀಟಿ ಲೆಕ್ಕ, ನನ್ನ ಟ್ಯಾಲಿ ಮೂರನ್ನೂ ಮಾಡ್ತಿದೆ. ಅದೇ ದರದಲ್ಲಿ ಹೊಸ 45,000ದ ಲ್ಯಾಪ್‌ಟಾಪ್ ಒಂದೇ ವರ್ಷದಲ್ಲಿ 18,000 ಕಳ್ಕೊಳ್ಳುತ್ತೆ. ಒಂದು ವರ್ಷ ತಡವಾಗಿ ಕೊಂಡ್ರೆ ಆ ಹಣ ಆ ವರ್ಷ ನಿಮ್ಮನೇಲೇ ಇರುತ್ತೆ. ಸೆಮಿಸ್ಟರ್ ಫೀಸ್ ಯಾವಾಗ ಕಟ್ಬೇಕು ಅಂತ ಕ್ಯಾಲೆಂಡರ್ ನೋಡೋ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ಇಲ್ಲಿ ಪ್ರತ್ಯಕ್ಷವೂ ಇಲ್ಲ, ಬರೀ ಕಿವಿಮಾತು. ಈ ವಾರಾಂತ್ಯ ಹತ್ತು ನಿಮಿಷ ಕೂತು ನೋಡಿ: ಪ್ರೊಸೆಸರ್ ಹೆಸರು, ಟಿಪಿಎಂ ಇದೆಯಾ, ರ್‍ಯಾಮ್ ಎಷ್ಟು. ಒಂದು ಚೀಟಿಯಲ್ಲಿ ಬರೆದು ಸಿಸ್ಟಮ್ ಮೇಲೆ ಅಂಟಿಸಿ. ಆಮೇಲೆ ಯಾರಾದ್ರೂ ‘ಇದು ಓಡಲ್ಲ’ ಅಂದ್ರೆ ಆ ಚೀಟಿ ತೋರಿಸಿ, ಯಾವ ಸಾಲು ಅಂತ ಕೇಳಿ. ಬೆರಳಿಟ್ಟು ತೋರಿಸೋಕೆ ಆಗದವರಿಗೆ ನಿಮ್ಮಪ್ಪನ ಸಹಿ ಸಿಗಬಾರದು.

ಕಾಮೆಂಟ್‌ನಲ್ಲಿ ಪ್ರೊಸೆಸರ್ ಹೆಸರು ಹಾಕಿ. ಸ್ವಿಚ್ಚೋ, ಪಾರ್ಟೋ, ಗೋಡೆಯೋ, ಒಟ್ಟಿಗೆ ನೋಡೋಣ. ಮನೇಲಿ ಇಎಂಐ ಮಾತು ಶುರುವಾಗಿರೋ ಫ್ರೆಂಡ್‌ಗೆ ಇವತ್ತೇ ಕಳಿಸಿ.

#ಯಾಕೆಅಂತಕೇಳಿ #ವಿಂಡೋಸ್11 #ಬಿಕಾಂಬಳಗ #ಕನ್ನಡದಲ್ಲಿಟೆಕ್