ಹೆಸರು ಮಾರಿದ ಹಾಲ್‌ಸ್ಟನ್

1/6

ಸೆಮಿಸ್ಟರ್ ಎಕ್ಸಾಮ್‌ಗೆ ಎರಡೇ ವಾರ ಇದೆ, ಕಾಸ್ಟ್ ಅಕೌಂಟಿಂಗ್ ಪುಸ್ತಕ ಮುಟ್ಟೇ ಇಲ್ಲ, ಆದ್ರೂ ಇದನ್ನ ಬರೀತಾ ಕೂತಿದೀನಿ. ಕಳೆದ ಸಲ ಎಪ್ಪತ್ತರ ದಶಕದ ಫ್ಯಾಷನ್ ಬಗ್ಗೆ ಹಾಕಿದ ಪೋಸ್ಟ್ ಕೆಳಗೆ ತುಂಬಾ ಜನ "ಹಾಲ್‌ಸ್ಟನ್ ಯಾವಾಗ?" ಅಂತ ಕೇಳಿದ್ರಿ. ಇವತ್ತು ಅವರೇ. ಆದ್ರೆ ನೀವು ಕಾಯ್ತಿರೋ ಡಿಸ್ಕೋ, ಪಾರ್ಟಿ, ಬಿಳಿ ಕುದುರೆ ಇದರಲ್ಲಿ ಸ್ವಲ್ಪ ಮಾತ್ರ. ಮುಖ್ಯವಾಗಿ ಇದು ಒಂದು ಅಗ್ರಿಮೆಂಟ್ ಪೇಪರಿನ ಕಥೆ.

ಯಾಕಂದ್ರೆ ಅಂಥದ್ದೇ ಒಂದು ಪೇಪರ್ ಈಗ ನಮ್ಮನೆ ಟಿವಿ ಪಕ್ಕ ಇದೆ. ನಮ್ಮಕ್ಕ ಆರಿ ವರ್ಕ್ ಬ್ಲೌಸ್ ಮಾಡೋದು ಈ ಪೇಜ್ ನೋಡೋರಿಗೆ ಗೊತ್ತು. ನಿಮ್ಮಲ್ಲಿ ಕೆಲವರ ಮನೆ ಮದುವೆ ಬ್ಲೌಸ್ ಅವಳ ಕೈದೇ. ನಾಲ್ಕು ವರ್ಷದಿಂದ ತನ್ನ ಹೆಸರಲ್ಲೇ ಪೇಜ್ ನಡೆಸ್ತಿದಾಳೆ. ಈಗ ಊರಿನ ಒಂದು ದೊಡ್ಡ ಬಟ್ಟೆ ಅಂಗಡಿಯವರು ಮನೆಗೇ ಬಂದು, "ನಿಮ್ಮ ಪೇಜು, ಹೆಸರು, ಡಿಸೈನು ಎಲ್ಲಾ ನಮಗೆ ಕೊಟ್ಬಿಡಮ್ಮ. ಒಂದೇ ಸಲ ಎರಡೂವರೆ ಲಕ್ಷ, ಆಮೇಲೆ ತಿಂಗಳ ಸಂಬಳ" ಅಂದಿದಾರೆ. ಅಪ್ಪಂಗೆ ಖುಷಿಯೋ ಖುಷಿ. ಅಮ್ಮ ಬಾಯೇ ಬಿಡ್ತಿಲ್ಲ. ಅಕ್ಕ ಪೇಪರ್ ತಂದು ನನ್ನ ಮುಂದೆ ಇಟ್ಟು, "ನೀನು ಬಿಕಾಂ ಅಲ್ವಾ, ಓದಿ ಹೇಳು" ಅಂದ್ಲು.

ಓದಿದೆ. ಎರಡನೇ ಪುಟಕ್ಕೆ ಬರೋ ಹೊತ್ತಿಗೆ ಹಾಲ್‌ಸ್ಟನ್ ನೆನಪಾದ್ರು.

2/6

ಗೊತ್ತಿಲ್ಲದವರಿಗೆ ಹೇಳ್ತೀನಿ. ಪೂರ್ತಿ ಹೆಸರು ರಾಯ್ ಹಾಲ್‌ಸ್ಟನ್ ಫ್ರೋವಿಕ್. ಹುಟ್ಟಿದ್ದು 1932ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ಶುರು ಮಾಡಿದ್ದು ಟೋಪಿಯಿಂದ. ನ್ಯೂಯಾರ್ಕಿನ ಬರ್ಗ್‌ಡಾರ್ಫ್ ಗುಡ್‌ಮನ್ ಅನ್ನೋ ದುಬಾರಿ ಅಂಗಡಿಯಲ್ಲಿ ಟೋಪಿ ಮಾಡ್ತಿದ್ರು. 1961ರ ಜನವರಿಯಲ್ಲಿ ಜಾನ್ ಕೆನಡಿ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡ ದಿನ ಅವರ ಪತ್ನಿ ಜ್ಯಾಕಿ ಹಾಕ್ಕೊಂಡಿದ್ದ ಪಿಲ್‌ಬಾಕ್ಸ್ ಟೋಪಿ ಇವರದ್ದು. ಗಾಳಿಗೆ ಹಾರಿಹೋಗದಿರಲಿ ಅಂತ ಜ್ಯಾಕಿ ಕೈಯಲ್ಲಿ ಒತ್ತಿ ಹಿಡಿದು ಟೋಪಿಗೆ ಸಣ್ಣ ತಗ್ಗು ಬಿತ್ತಂತೆ, ಕಾಪಿ ಹೊಡೆದವರು ಆ ತಗ್ಗನ್ನೂ ಸೇರಿಸಿಯೇ ಕಾಪಿ ಹೊಡೆದ್ರಂತೆ. ಕಥೆಗೆ ಸ್ವಲ್ಪ ಮಸಾಲೆ ಬಿದ್ದಿರಬಹುದು, ಆದ್ರೂ ನಂಗಿಷ್ಟ.

ಟೋಪಿ ಕಾಲ ಮುಗೀತಾ ಬಂತು. 1968ರಲ್ಲಿ ಸ್ವಂತ ಬಿಸಿನೆಸ್ ಶುರು ಮಾಡಿದ್ರು. ಅವರ ಬಟ್ಟೆ ನೋಡಿದ್ರೆ "ಇದರಲ್ಲೇನಿದೆ, ಪ್ಲೇನ್ ಅಲ್ವಾ" ಅನ್ನಿಸುತ್ತೆ. ನಂಗೂ ಮೊದಲು ಹಾಗೇ ಅನ್ನಿಸಿತ್ತು. ಅಕ್ಕಂಗೆ ಫೋಟೋ ತೋರಿಸಿದೆ, ಅವಳು ಝೂಮ್ ಮಾಡಿ ಮಾಡಿ ನೋಡಿ, "ಹೊಲಿಗೆ ಎಲ್ಲಿದೆಯೋ?" ಅಂದ್ಲು. ಅಷ್ಟೇ ವಿಷಯ. ಬಟ್ಟೆಯನ್ನ ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸೋದು, ನಮ್ಮ ಟೈಲರ್‌ಗಳು ಕ್ರಾಸ್ ಕಟ್ ಅಂತಾರಲ್ಲ, ಅದನ್ನ ಅವರು ಎಲ್ಲಿಗೆ ತಗೊಂಡು ಹೋದ್ರು ಅಂದ್ರೆ, ಕೆಲವು ಉದ್ದ ಗೌನ್‌ಗಳಿಗೆ ಇರೋದು ಮೈಸುತ್ತಿ ಬರೋ ಒಂದೇ ಒಂದು ಹೊಲಿಗೆ. ಜಿಪ್ ಇಲ್ಲ, ಗುಂಡಿ ಇಲ್ಲ. ಬಟ್ಟೆ ತಾನೇ ಮೈಮೇಲೆ ಇಳಿಯುತ್ತೆ.

ಇನ್ನೊಂದು ಅಲ್ಟ್ರಾಸ್ವೀಡ್. ಜಪಾನಿನ ಟೋರೇ ಕಂಪನಿ ಮಾಡಿದ, ಚರ್ಮದ ಥರ ಕಾಣೋ ಆದ್ರೆ ಚರ್ಮ ಅಲ್ಲದ ಬಟ್ಟೆ. 1972ರಲ್ಲಿ ಹಾಲ್‌ಸ್ಟನ್ ಅದರಲ್ಲಿ ಒಂದು ಶರ್ಟ್ ಡ್ರೆಸ್ ಮಾಡಿದ್ರು. ಶ್ರೀಮಂತರು ಹಾಕೋ ಡ್ರೆಸ್, ಆದ್ರೆ ವಾಷಿಂಗ್ ಮೆಷೀನಿಗೆ ಹಾಕಬಹುದು! ಓಡಿತು ಅಂದ್ರೆ ಹೇಗೆ ಓಡಿತು.

3/6

ಈಗ ಫೋಟೋಗಳಿಗೆ ಬರೋಣ, ಯಾಕಂದ್ರೆ ನೀವು ಸ್ವೈಪ್ ಮಾಡಿ ನೋಡ್ತಿರೋದು ಅದನ್ನೇ.

ಲೈಜಾ ಮಿನೆಲ್ಲಿ 1973ರಲ್ಲಿ 'ಕ್ಯಾಬರೆ'ಗೆ ಆಸ್ಕರ್ ತಗೊಂಡ ರಾತ್ರಿಯ ಹಳದಿ ಡ್ರೆಸ್ ಹಾಲ್‌ಸ್ಟನ್‌ದು. 1977ರ ಮೇ ತಿಂಗಳಲ್ಲಿ ಸ್ಟುಡಿಯೋ 54 ಕ್ಲಬ್ಬಿನಲ್ಲಿ ಬಿಳಿ ಕುದುರೆ ಮೇಲೆ ಕೂತಿರೋ ಬಿಯಾಂಕಾ ಜಾಗರ್ ಹಾಕಿರೋ ಕೆಂಪು ಡ್ರೆಸ್ಸೂ ಅವರದ್ದೇ. ಒಂದು ನಿಮಿಷ, ಇಲ್ಲಿ ಒಂದು ತಕರಾರಿದೆ. ಎಲ್ಲಾ ರೀಲ್‌ನಲ್ಲೂ "ಕುದುರೆ ಹತ್ತಿಕೊಂಡೇ ಕ್ಲಬ್ಬಿನೊಳಗೆ ಬಂದಳು" ಅಂತ ಬರುತ್ತೆ. ಬಿಯಾಂಕಾ ಅವರೇ 2015ರಲ್ಲಿ ಪತ್ರಿಕೆಗೆ ಪತ್ರ ಬರೆದು ಅದು ಸುಳ್ಳು, ನಾನು ನಡೆದೇ ಬಂದಿದ್ದು, ಒಳಗಿದ್ದ ಕುದುರೆಯ ಮೇಲೆ ಸ್ವಲ್ಪ ಹೊತ್ತು ಕೂತೆ ಅಷ್ಟೇ ಅಂತ ಹೇಳಿದಾರೆ. ದಯವಿಟ್ಟು ಮತ್ತೆ ಆ ಕ್ಯಾಪ್ಷನ್ ಹಾಕಬೇಡಿ.

ಆ ದಶಕದ ದೊಡ್ಡ ಘಟನೆ ಅಂದ್ರೆ 1973ರ ನವೆಂಬರ್ 28ರ ವರ್ಸೈಲ್ ಶೋ. ಫ್ರಾನ್ಸಿನ ವರ್ಸೈಲ್ ಅರಮನೆ ರಿಪೇರಿಗೆ ದುಡ್ಡು ಎತ್ತೋಕೆ ಅಂತ ಮಾಡಿದ್ದು. ಒಂದು ಕಡೆ ಫ್ರೆಂಚರು: ಸೇಂಟ್ ಲಾರೆಂಟ್, ಜಿವಾಂಶಿ, ಕಾರ್ಡಿನ್, ಉಂಗಾರೋ, ಡಿಯೋರ್ ಕಡೆಯಿಂದ ಮಾರ್ಕ್ ಬೊಹಾನ್. ಇನ್ನೊಂದು ಕಡೆ ಅಮೆರಿಕದವರು: ಹಾಲ್‌ಸ್ಟನ್, ಬಿಲ್ ಬ್ಲಾಸ್, ಆಸ್ಕರ್ ಡೆ ಲಾ ರೆಂಟಾ, ಆ್ಯನ್ ಕ್ಲೈನ್, ಸ್ಟೀಫನ್ ಬರೋಸ್. ಫ್ರೆಂಚರು ದೊಡ್ಡ ದೊಡ್ಡ ಸೆಟ್ ಹಾಕಿ ಗಂಟೆಗಟ್ಟಲೆ ಎಳೆದ್ರು. ಅಮೆರಿಕದವರ ಹತ್ರ ಹೆಚ್ಚು ಕಮ್ಮಿ ಖಾಲಿ ಸ್ಟೇಜು, ಲೈಜಾ ಹಾಡು, ಮತ್ತೆ ಪ್ಯಾಟ್ ಕ್ಲೀವ್‌ಲ್ಯಾಂಡ್, ಬೆಥಾನ್ ಹಾರ್ಡಿಸನ್ ಥರದ ಕಪ್ಪು ಮಾಡೆಲ್‌ಗಳ ನಡಿಗೆ. ಹಾಲ್ ಪೂರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪ್ಯಾರಿಸ್ ಬಿಟ್ಟರೆ ಫ್ಯಾಷನ್ನೇ ಇಲ್ಲ ಅನ್ನೋ ಮಾತಿಗೆ ಅವತ್ತು ಪೆಟ್ಟು ಬಿತ್ತು.

ಈ 1973 ಅನ್ನೋ ಇಸವಿ ನೆನಪಲ್ಲಿಟ್ಕೊಳ್ಳಿ. ಅದೇ ವರ್ಷ ಇನ್ನೊಂದು ಕೆಲಸ ಆಯ್ತು.

4/6

ಹಾಲ್‌ಸ್ಟನ್ ತಮ್ಮ ಬಿಸಿನೆಸ್ಸನ್ನ ನಾರ್ಟನ್ ಸೈಮನ್ ಅನ್ನೋ ದೊಡ್ಡ ಕಂಪನಿಗೆ ಮಾರಿದ್ರು. ಟೊಮೇಟೊ ಸಾಸ್, ಸೋಡಾ, ಮೇಕಪ್ ಎಲ್ಲಾ ಮಾರೋ ಕಂಪನಿ. ಕೈಗೆ ಬಂದಿದ್ದು ಕೋಟಿಗಟ್ಟಲೆ ಬೆಲೆ ಬಾಳೋ ಷೇರು. ಕೊಟ್ಟಿದ್ದು ಬರೀ ಮೆಷೀನು, ಮಳಿಗೆ ಅಲ್ಲ. ಟ್ರೇಡ್‌ಮಾರ್ಕ್, ಅಂದ್ರೆ 'ಹಾಲ್‌ಸ್ಟನ್' ಅನ್ನೋ ಹೆಸರು. ಅವರಮ್ಮ ಅಪ್ಪ ಇಟ್ಟ ಹೆಸರು!

ಮೊದಲ ಹತ್ತು ವರ್ಷ ಸ್ವರ್ಗ. ಇದನ್ನ ಮುಚ್ಚಿಟ್ಟು ಬರೆದ್ರೆ ನಾನು ಮೋಸ ಮಾಡಿದ ಹಾಗೆ. 1975ರಲ್ಲಿ ಬಂದ ಸೆಂಟು, ಎಲ್ಸಾ ಪೆರೆಟ್ಟಿ ಡಿಸೈನ್ ಮಾಡಿದ ಸೊಟ್ಟ ಬಾಟಲಿಯಲ್ಲಿ ಬಂದಿದ್ದು, ಭರ್ಜರಿಯಾಗಿ ಮಾರಾಟ ಆಯ್ತು. ಬ್ರ್ಯಾನಿಫ್ ವಿಮಾನ ಕಂಪನಿಗೆ ಯೂನಿಫಾರ್ಮ್ ಮಾಡಿದ್ರು. ಆಮೇಲೆ ನ್ಯೂಯಾರ್ಕಿನ ಒಲಿಂಪಿಕ್ ಟವರ್‌ನಲ್ಲಿ ಕನ್ನಡಿ ಹಾಕಿದ ಆಫೀಸು. ದೊಡ್ಡ ಕಂಪನಿಯ ದುಡ್ಡಿಲ್ಲದೆ ಇದು ಯಾವುದೂ ಆಗ್ತಿರಲಿಲ್ಲ.

1983ರಲ್ಲಿ ಜೆಸಿ ಪೆನ್ನಿ ಅನ್ನೋ ಮಧ್ಯಮವರ್ಗದ ಅಂಗಡಿ ಸರಣಿಗೆ 'ಹಾಲ್‌ಸ್ಟನ್ III' ಅಂತ ಕಮ್ಮಿ ಬೆಲೆಯ ಬಟ್ಟೆ ತಂದ್ರು. ಬರ್ಗ್‌ಡಾರ್ಫ್ ಗುಡ್‌ಮನ್‌ನವರು, ಟೋಪಿ ಮಾಡ್ತಿದ್ದ ಅದೇ ಅಂಗಡಿಯವರು, ಇವರ ಬಟ್ಟೆ ಇಡೋದನ್ನೇ ನಿಲ್ಲಿಸಿಬಿಟ್ರು. ಎಲ್ಲಾ ವಿಡಿಯೋಗಳು ಕಥೆಯನ್ನ ಇಲ್ಲಿಗೇ ತಂದು, "ಅಗ್ಗದ ಅಂಗಡಿಗೆ ಹೋಗಿ ಹಾಳಾದ" ಅಂತ ಮುಗಿಸ್ತವೆ.

ನಾನು ಒಪ್ಪಲ್ಲ. ಸಾಮಾನ್ಯ ಜನಕ್ಕೆ ಬಟ್ಟೆ ಮಾಡೋದು ತಪ್ಪಾ? 2004ರಲ್ಲಿ ಕಾರ್ಲ್ ಲ್ಯಾಗರ್‌ಫೆಲ್ಡ್ ಎಚ್ ಅಂಡ್ ಎಂಗೆ ಅದೇ ಕೆಲಸ ಮಾಡಿದಾಗ ಜನ ಕ್ಯೂ ನಿಂತ್ರು. ಹಾಲ್‌ಸ್ಟನ್ ಇಪ್ಪತ್ತು ವರ್ಷ ಮುಂಚೆ ಮಾಡಿದ್ರು, ಅಷ್ಟೇ. ಏಟು ಬಿತ್ತು ನಿಜ. ಆದ್ರೆ ಏಟು ಬಿದ್ದೋರು ಏಳ್ತಾರೆ, ಏಳೋಕೆ ಕಾಲ ಕೆಳಗೆ ನೆಲ ಇದ್ರೆ. ಇವರ ನೆಲ 1973ರಲ್ಲೇ ಹೋಗಿತ್ತು. ಅದೇ 1983ರಲ್ಲಿ ನಾರ್ಟನ್ ಸೈಮನ್ ಕಂಪನಿಯನ್ನ ಎಸ್ಮಾರ್ಕ್ ಕೊಂಡುಕೊಳ್ತು, ಮರುವರ್ಷ ಎಸ್ಮಾರ್ಕನ್ನ ಬೀಟ್ರಿಸ್ ಕೊಂಡುಕೊಳ್ತು, ಆಮೇಲೆ ಹೆಸರು ರೆವ್ಲಾನ್ ಕೈಗೆ ಹೋಯ್ತು. ಪ್ರತಿ ಸಲವೂ ಆಸ್ತಿ ಲಿಸ್ಟಿನಲ್ಲಿ 'ಹಾಲ್‌ಸ್ಟನ್' ಒಂದು ಸಾಲು. 1984ರಲ್ಲಿ ಅವರನ್ನ ಅವರದ್ದೇ ಆಫೀಸಿನಿಂದ ಹೊರಗೆ ಹಾಕಿದ್ರು. ಹೆಸರನ್ನ ವಾಪಸ್ ಕೊಳ್ಳೋಕೆ ಪ್ರಯತ್ನ ಮಾಡಿದ್ರು, ಆಗಲಿಲ್ಲ. ಗೆಳತಿ ಮಾರ್ಥಾ ಗ್ರಹಾಂ ಅವರ ನೃತ್ಯ ತಂಡಕ್ಕೆ ಉಡುಪು ಮಾಡಿಕೊಟ್ರು. 1990ರ ಮಾರ್ಚ್ 26ರಂದು, 57ನೇ ವಯಸ್ಸಲ್ಲಿ, ಏಡ್ಸ್‌ನಿಂದ ತೀರಿಹೋದ್ರು. ಕೈಯಲ್ಲಿ ಕತ್ತರಿ ಇತ್ತು, ಕಲೆ ಇತ್ತು. ಆದ್ರೆ ಮಾಡಿದ ಬಟ್ಟೆಗೆ 'ಹಾಲ್‌ಸ್ಟನ್' ಅಂತ ಲೇಬಲ್ ಹೊಲಿಯೋ ಹಕ್ಕು ಹಾಲ್‌ಸ್ಟನ್‌ಗೆ ಇರಲಿಲ್ಲ.

5/6

"ಹಾಗಾದ್ರೆ ಹೆಸರಲ್ಲಿ ದುಡ್ಡೇ ಮಾಡಬಾರದಾ?" ಅಂತ ಕೇಳ್ತೀರಿ. ಮಾಡಿ! ಆ ದಶಕದಲ್ಲಿ ಎಲ್ಲರೂ ಮಾಡಿದ್ರು. ಹೇಗೆ ಮಾಡಿದ್ರು ಅನ್ನೋದು ಪ್ರಶ್ನೆ.

ನಿಮ್ಮಪ್ಪಂಗೆ ಯಾರೋ ಗಿಫ್ಟ್ ಕೊಟ್ಟ ಪಿಯರ್ ಕಾರ್ಡಿನ್ ಪೆನ್ನು ಮನೆಯ ಶೋಕೇಸಲ್ಲಿ ಇದೆಯಾ ನೋಡಿ. ಅದೇ ಕಾರ್ಡಿನ್, ವರ್ಸೈಲ್ ಶೋನಲ್ಲಿ ಫ್ರೆಂಚರ ಕಡೆ ಇದ್ದವರು. ಅವರು ಪೆನ್ನು ಮಾಡಲಿಲ್ಲ, ಹೆಸರು ಹಾಕ್ಕೊಳ್ಳೋಕೆ ಲೈಸೆನ್ಸ್ ಕೊಟ್ರು. ಪೆನ್ನು, ಟೈ, ಟವೆಲ್ಲು, ಸೆಂಟು, ನೂರಾರು ಲೈಸೆನ್ಸ್. ಜನ ನಕ್ಕರು, ಹೆಸರಿನ ಬೆಲೆ ಇಳೀತು ಅಂದ್ರು. ಇಳಿದಿದ್ದೂ ಹೌದು. ಆದ್ರೆ 2020ರಲ್ಲಿ 98ನೇ ವಯಸ್ಸಲ್ಲಿ ತೀರಿಹೋಗೋವರೆಗೂ ಕಂಪನಿ ಅವರದ್ದೇ, ಹೆಸರು ಅವರದ್ದೇ. ನಮ್ಮೂರ ಭಾಷೆಯಲ್ಲಿ ಹೇಳೋದಾದ್ರೆ ಕಾರ್ಡಿನ್ ಮಾಡಿದ್ದು ಬಾಡಿಗೆ ಕರಾರು, ಹಾಲ್‌ಸ್ಟನ್ ಮಾಡಿದ್ದು ಕ್ರಯಪತ್ರ.

ಡಯೇನ್ ವಾನ್ ಫರ್ಸ್ಟೆನ್‌ಬರ್ಗ್ ಕಥೆ ಇನ್ನೂ ಚೆನ್ನಾಗಿದೆ. 1974ರಲ್ಲಿ ರ‍್ಯಾಪ್ ಡ್ರೆಸ್ ತಂದ್ರು. ಜರ್ಸಿ ಬಟ್ಟೆ, ಸುತ್ತಿ ಸೊಂಟಕ್ಕೆ ಕಟ್ಟೋದು, ಆಫೀಸಿಗೂ ಸೈ, ಊಟಕ್ಕೂ ಸೈ. 1976ಕ್ಕೆ ನ್ಯೂಸ್‌ವೀಕ್ ಮುಖಪುಟ. ಆಮೇಲೆ ಅತಿಯಾಯ್ತು, ಎಲ್ಲರ ಮೈಮೇಲೂ ಅದೇ ಡ್ರೆಸ್, ದಶಕ ಮುಗಿಯೋ ಹೊತ್ತಿಗೆ ಅಂಗಡಿಗಳಲ್ಲಿ ಸ್ಟಾಕ್ ಕೊಳೀತಾ ಬಿತ್ತು, ಡ್ರೆಸ್ ವ್ಯಾಪಾರವನ್ನೇ ಬೇರೆಯವರಿಗೆ ಬಿಟ್ಟುಕೊಡಬೇಕಾಯ್ತು. ಸೋಲು ಹಾಲ್‌ಸ್ಟನ್ ಅನುಭವಿಸಿದ್ದಕ್ಕಿಂತ ತೀರಾ ಚಿಕ್ಕದೇನಲ್ಲ. ಆದ್ರೆ 1997ರಲ್ಲಿ ಅದೇ ಡ್ರೆಸ್ಸು, ಅದೇ ಹೆಸರು ಇಟ್ಕೊಂಡು ವಾಪಸ್ ಬಂದ್ರು, ಗೆದ್ದರು. ವಾಪಸ್ ಬರೋಕೆ ಅವರಿಗೊಂದು ಹೆಸರಿತ್ತು.

ಗ್ಲೋರಿಯಾ ವಾಂಡರ್‌ಬಿಲ್ಟ್ ಜೀನ್ಸ್ ಬಗ್ಗೆ ಬೇರೆ ಪೋಸ್ಟೇ ಹಾಕ್ತೀನಿ. ಹಿಂದಿನ ಜೇಬಿನ ಮೇಲೆ ಆಕೆಯ ಸಹಿ, ಮಾಡಿದ್ದು ಭಾರತೀಯ ಮೂಲದ ಮುರ್ಜಾನಿ ಮನೆತನದ ಕಂಪನಿ. ಅದು ಉದ್ದ ಕಥೆ.

6/6

ವಾಪಸ್ ನಮ್ಮನೆ ಟಿವಿ ಪಕ್ಕಕ್ಕೆ.

ಅಕ್ಕನ ಪೇಪರಿನ ಎರಡನೇ ಪುಟದಲ್ಲಿ ಇರೋದು ಹೀಗೆ: ಪೇಜು, ಹೆಸರು, ಇಲ್ಲಿವರೆಗಿನ ಮತ್ತು ಮುಂದಿನ ಡಿಸೈನುಗಳ "ಸಂಪೂರ್ಣ ಹಾಗೂ ಶಾಶ್ವತ" ಹಕ್ಕು ಅಂಗಡಿಯದ್ದು. ಕೆಳಗೆ ಇನ್ನೊಂದು ಸಾಲು, ಕೆಲಸ ಬಿಟ್ಟರೆ ಜಿಲ್ಲೆಯೊಳಗೆ ಇದೇ ವ್ಯಾಪಾರ ಮಾಡುವಂತಿಲ್ಲ.

ಕ್ಲಾಸ್‌ಮೇಟ್ಸ್, ಬಿಸಿನೆಸ್ ಲಾ ನೆನಪಿದೆಯಾ? 1872ರ ಕಾಂಟ್ರ್ಯಾಕ್ಟ್ ಆ್ಯಕ್ಟ್, ಸೆಕ್ಷನ್ 27. ಒಬ್ಬರ ಕಸುಬು, ವ್ಯಾಪಾರ ತಡೆಯೋ ಒಪ್ಪಂದ ಅಷ್ಟರ ಮಟ್ಟಿಗೆ ಶೂನ್ಯ. ಅಪ್ಪನೂ ಇದನ್ನೇ ಹಿಡ್ಕೊಂಡ್ರು, "ಕೋರ್ಟಲ್ಲಿ ನಿಲ್ಲಲ್ಲ ಬಿಡೋ" ಅಂತ. ಆದ್ರೆ ಅದರ ಕೆಳಗೇ ಎಕ್ಸೆಪ್ಶನ್ ಇದೆ, ನಾವು ಎರಡು ಮಾರ್ಕಿಗೆ ಬಾಯಿಪಾಠ ಹೊಡೆದಿದ್ದು: ಗುಡ್‌ವಿಲ್ ಮಾರಿದವರಿಗೆ, ಒಂದು ಪ್ರದೇಶದ ಮಿತಿಯೊಳಗೆ, ನ್ಯಾಯವಾದಷ್ಟು ತಡೆ ಹಾಕಬಹುದು. ಅಕ್ಕ ಸಹಿ ಮಾಡಿದ್ರೆ ಮಾರೋದು ಗುಡ್‌ವಿಲ್ಲನ್ನೇ. ಕ್ಲಾಸಲ್ಲಿ ಗುಡ್‌ವಿಲ್ ಅಂದ್ರೆ ಜರ್ನಲ್ ಎಂಟ್ರಿ, ಕಣ್ಣಿಗೆ ಕಾಣದ ಆಸ್ತಿ. ಮನೇಲಿ ಅಂದ್ರೆ, "ಅವಳ ಹತ್ರಾನೇ ಕೊಡೋಣ" ಅಂತ ಹರಿಹರದಿಂದ ಬಸ್ಸಲ್ಲಿ ಬರೋ ಆಂಟಿ.

ಅಪ್ಪನ ಮೇಲೆ ನಂಗೆ ಸಿಟ್ಟಿಲ್ಲ. ನನ್ನ ಫೀಸು, ಮನೆ ಮೇಲಿನ ಸಾಲ ಎಲ್ಲಾ ಅವರ ತಲೇಲಿದೆ. ಎರಡೂವರೆ ಲಕ್ಷ ನಮ್ಮನೆಗೆ ಚಿಕ್ಕ ಮೊತ್ತ ಅಲ್ಲ. ಆದ್ರೆ ನಾಳೆ ಆ ಅಂಗಡಿಯನ್ನೇ ಇನ್ಯಾರೋ ಕೊಂಡುಕೊಂಡು, ಯಾವುದೋ ಮೆಷೀನ್ ವರ್ಕ್ ಬ್ಲೌಸಿಗೆ ಅಕ್ಕನ ಹೆಸರಿನ ಲೇಬಲ್ ಹೊಲಿದ್ರೆ, ಅಕ್ಕ ಅದನ್ನ ಶೋಕೇಸ್ ಗಾಜಿನ ಆಚೆಯಿಂದ ನೋಡ್ಕೊಂಡು ಹೋಗಬೇಕು.

ನಾನು ಹೇಳಿದ್ದು ಇಷ್ಟು: ಅಂಗಡಿಗೆ ಬ್ಲೌಸ್ ಮಾಡಿಕೊಡು, ಬೇಕಾದ್ರೆ ನಿನ್ನ ಹೆಸರನ್ನೂ ಹಾಕ್ಕೊಳ್ಳಲಿ, ಆದ್ರೆ ವರ್ಷ ಲೆಕ್ಕಕ್ಕೆ, ಪೀಸಿಗಿಷ್ಟು ಅಂತ ಲೆಕ್ಕ ಕೊಟ್ಟು. ಪೇಜ್ ಪಾಸ್‌ವರ್ಡ್ ಮಾತ್ರ ಯಾರಿಗೂ ಬೇಡ.

ನಿನ್ನೆ ರಾತ್ರಿ ಊಟ ಆದ್ಮೇಲೆ ಅಕ್ಕ ಪೆನ್ನು ತಗೊಂಡು "ಸಂಪೂರ್ಣ ಹಾಗೂ ಶಾಶ್ವತ" ಅನ್ನೋದನ್ನ ಹೊಡೆದು ಮೇಲೆ "ಎರಡು ವರ್ಷಕ್ಕೆ" ಅಂತ ಬರೆದ್ಲು. ಜಿಲ್ಲೆಯ ಸಾಲನ್ನ ಪೂರ್ತಿ ಹೊಡೆದ್ಲು. ಅಷ್ಟೂ ಹೊತ್ತು ಮಾತಾಡದ ಅಮ್ಮ, "ಎರಡು ಯಾಕೆ, ಒಂದು ಬರಿ" ಅಂದ್ರು. ಸೋಮವಾರ ಅಂಗಡಿಗೆ ಹೋಗ್ತಿದೀವಿ, ಅವರು ಏನಂತಾರೋ ಸ್ಟೋರಿಯಲ್ಲಿ ಹಾಕ್ತೀನಿ. ನಿಮ್ಮನೇಲೂ ಯಾರಾದ್ರೂ ಹೊಲಿಗೆ, ಕೇಕು, ಮೆಹಂದಿ ಪೇಜ್ ನಡೆಸ್ತಿದ್ದು ಇಂಥ ಪೇಪರ್ ಬಂದಿದ್ರೆ, ಸಹಿ ಹಾಕೋಕೆ ಮುಂಚೆ ಆ ಪುಟದ ಫೋಟೋ ಡಿಎಂ ಮಾಡಿ, ಕೂತು ಓದೋಣ. ಲಾ ಮೇಡಂ ಹತ್ರಾನೂ ಕೇಳ್ತೀನಿ.

#ಎಪ್ಪತ್ತರದಶಕ #ಹಾಲ್‌ಸ್ಟನ್ #ಬಿಕಾಂಬದುಕು